ಚಿಂತಾಕಿಯ ಮನೆಗೆ ಹಾಕಿದ ಹಸಿರು ಗುರುತು

ಬೀದರಿನ ರೂತಮ್ಮನಿಗೆ ಒಂದು ಜಂಬವಿತ್ತು, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರದೇ ಮನೆಯ ಹೊಸ್ತಿಲು ದಾಟಿದ ಐದು ನಿಮಿಷದಲ್ಲಿ ಆ ಮನೆಯಲ್ಲಿ ಹಸಿವಿದೆಯೋ ಇಲ್ಲವೋ ತನಗೆ ತಿಳಿದುಹೋಗುತ್ತದೆ ಎಂದು ಆಕೆ ನಂಬಿದ್ದಳು. ನಂಬಿ ಸುಮ್ಮನಿದ್ದಿದ್ದರೆ ಬೇರೆ ಮಾತು, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ತಿರುಗುತ್ತಿದ್ದಳು. ಹೇಳಿಕೊಳ್ಳಲು ಕಾರಣವೂ ಇತ್ತೆನ್ನಿ. ಹೊರದೇಶದ ಒಂದು ಮಕ್ಕಳ ಸಂಸ್ಥೆಯ ಬೀದರ್ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿದ್ದಳು. ಭಾಲ್ಕಿ ಮತ್ತು ಔರಾದ್ ತಾಲೂಕುಗಳಲ್ಲಿ ಆಕೆ ನೀರು ಕುಡಿಯದ ಹಳ್ಳಿಯೇ ಇರಲಿಲ್ಲ. ಬಸ್ಸಿನ ಕಂಡಕ್ಟರುಗಳು ಕೂಡ ಆಕೆಗೆ ರೂತಕ್ಕ ಎಂದೇ ಸೀಟು ಬಿಡುತ್ತಿದ್ದರು.

ಸಂಸ್ಥೆಯ ಕೆಲಸ ಹೀಗಿತ್ತು. ಅಲ್ಲಿನ ಒಬ್ಬರು ಇಲ್ಲಿನ ಒಂದು ಮಗುವಿನ ಹೊಣೆ ಹೊರುತ್ತಾರೆ. ಅವರು ಕಳಿಸಿದ್ದರಲ್ಲಿ ಮಗುವಿನ ಶಾಲೆ, ಬಟ್ಟೆ, ಔಷಧ ಎಲ್ಲ ನಡೆಯುತ್ತದೆ. ಮಗು ವರ್ಷಕ್ಕೆರಡು ಸಲ ಅವರಿಗೆ ಪತ್ರ ಬರೆಯುತ್ತದೆ. ಆ ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸುವುದು, ಅವರ ಉತ್ತರವನ್ನು ಮಗುವಿಗೆ ಓದಿ ಹೇಳುವುದು, ಮನೆ ಹೇಗಿದೆ ಎಂದು ಆಗಾಗ ಹೋಗಿ ನೋಡಿ ಬರುವುದು ರೂತಮ್ಮನ ಪಾಲಿನದು. ಆಕೆಯ ಪಟ್ಟಿಯಲ್ಲಿ ನೂರಾ ಮೂವತ್ತೆರಡು ಮಕ್ಕಳಿದ್ದರು. ಯಾವ ಮಗುವಿಗೆ ಕಿವಿ ಸೋರುತ್ತದೆ, ಯಾವ ತಂದೆ ಕುಡಿಯುತ್ತಾನೆ ಎಂಬುದೆಲ್ಲ ಫೈಲು ಬಿಚ್ಚದೆಯೇ ಬಾಯಿಗೆ ಬರುತ್ತಿತ್ತು.

ಹಸಿವಿನ ವಿದ್ಯೆಯನ್ನು ಆಕೆ ಕಚೇರಿಯಲ್ಲಿ ಕಲಿತದ್ದಲ್ಲ. ಹುಟ್ಟಿದ್ದು ಬಗದಲ್‌ನಲ್ಲಿ. ತಂದೆ ಕ್ರಿಸ್ತಪ್ಪ ಚರ್ಚಿನ ಗಂಟೆ ಬಾರಿಸುತ್ತ, ಉಳಿದ ಹೊತ್ತು ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಮನೆಯಲ್ಲಿ ಆರು ಬಾಯಿ. ಯಾರ ಮನೆಗೆ ಹೋದರೂ, ಊಟ ಆಯಿತೇ ಎಂದು ಯಾರು ಕೇಳಿದರೂ, ಆಗಿದೆ ಎಂದೇ ಹೇಳಬೇಕೆಂದು ತಾಯಿ ಮಕ್ಕಳಿಗೆ ತಾಕೀತು ಮಾಡಿದ್ದಳು. ಎಂಟು ವರ್ಷದ ರೂತಮ್ಮ ಒಮ್ಮೆ ಬೀದರಿನಲ್ಲಿ ಪಾದ್ರಿಗಳ ಮನೆಯಲ್ಲಿ ಹಾಗೆ ಹೇಳಿ, ಅವರೆಲ್ಲ ಉಣ್ಣುವುದನ್ನು ಮೂಲೆಯಲ್ಲಿ ಕೂತು ನೋಡಿದ್ದಳು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಈ ಕತೆಯನ್ನು ಆಕೆ ಕಚೇರಿಯ ತರಬೇತಿಗಳಲ್ಲಿ ನಗುನಗುತ್ತ ಹೇಳುತ್ತಿದ್ದಳು, ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದೂ ಆಕೆಗೆ ಒಳಗೊಳಗೇ ಇಷ್ಟವೇ.

ಆ ವರ್ಷದ ಫೆಬ್ರವರಿಯಲ್ಲಿ ಕಚೇರಿಗೆ ಸ್ವೀಟಿ ಎಂಬ ಹೊಸ ಹುಡುಗಿ ಬಂದಳು. ಕೆಲಸ ಕಲಿಸುವ ಭಾರ ರೂತಮ್ಮನ ಮೇಲೆ ಬಿತ್ತು. ಮೊದಲ ಪಾಠವೇ ಇದು.

"ಊಟ ಆಯ್ತೇನ್ರಿ ಅಂತ ಯಾರಿಗೂ ಕೇಳಬ್ಯಾಡ. ಆಗಿಲ್ಲ ಅಂತ ನಮ್ಮ ಕಡಿ ಯಾವ ತಾಯಿನೂ ಅನ್ನಂಗಿಲ್ಲ. ಹಿಟ್ಟಿನ ಡಬ್ಬಿದು ಮುಚ್ಚಳ ತೆಗಿಸಿ ನೋಡು. ನಿನ್ನಿ ಏನ್ ಮಾಡಿದ್ರಿ ಅಂತ ಕೇಳು. ಕೂಸಿಗಿ ಬ್ಯಾರೆ ಕರದು ಮಾತಾಡ್ಸು."

ಸ್ವೀಟಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಳು.

ಮಾರ್ಚಿನ ಕೊನೆಗೆ ಕೊರೊನಾ ಬಂದು ದೇಶಕ್ಕೆ ಬೀಗ ಬಿತ್ತು. ಬಸ್ಸು ನಿಂತಿತು, ಸಂತೆ ನಿಂತಿತು, ಬೀದರಿನ ಚೌಬಾರಾದ ಸುತ್ತ ಪೊಲೀಸರ ಲಾಠಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಏಪ್ರಿಲ್ ಎರಡನೇ ವಾರ ಹೊರದೇಶದಿಂದ ಅಪ್ಪಣೆ ಬಂತು: ಪಟ್ಟಿಯಲ್ಲಿರುವ ಎಲ್ಲ ಮನೆಗೂ ಫೋನು ಮಾಡಿ, ಯಾವ ಮನೆ ಹೇಗಿದೆ ತಿಳಿದುಕೊಳ್ಳಿ. ಕಷ್ಟದಲ್ಲಿರುವ ಮನೆಗೆ ಕೆಂಪು ಗುರುತು, ನಡುವಿನದಕ್ಕೆ ಹಳದಿ, ಚಿಂತೆಯಿಲ್ಲದ ಮನೆಗೆ ಹಸಿರು. ಕೆಂಪು ಮತ್ತು ಹಳದಿ ಮನೆಗಳಿಗೆ ಜೋಳದ ಹಿಟ್ಟು, ತೊಗರಿಬೇಳೆ, ಎಣ್ಣೆ, ಸೋಪು ತುಂಬಿದ ಚೀಲ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಮೂರು. ಮನೆಯಲ್ಲಿ ಎಷ್ಟು ದಿನದ ಧಾನ್ಯವಿದೆ, ನಿನ್ನೆ ಏನು ಅಡುಗೆ ಮಾಡಿದ್ದಿರಿ, ಮಗುವಿಗೆ ಫೋನು ಕೊಡಿ. ಗಡುವು ಮೂರು ದಿನ.

ನೂರಾ ಮೂವತ್ತೆರಡು ಮನೆ, ಮೂರು ದಿನ. ಒಂದು ಊರಿನಲ್ಲಿ ಸಿಗ್ನಲ್ ಇಲ್ಲ, ಇನ್ನೊಂದರಲ್ಲಿ ಫೋನು ಮಗನ ಜೇಬಿನಲ್ಲಿದ್ದರೆ ಮಗ ಹೈದರಾಬಾದಿನಲ್ಲಿ. ಮೂರನೆಯ ದಿನದ ಮಧ್ಯಾಹ್ನದ ಹೊತ್ತಿಗೆ ರೂತಮ್ಮನ ಗಂಟಲು ಕಟ್ಟಿತ್ತು, ಕಿವಿ ಕಾದಿತ್ತು. ಇನ್ನೂ ಇಪ್ಪತ್ತಾರು ಮನೆ ಉಳಿದಿದ್ದವು. ಆಗ ಸರದಿ ಬಂದದ್ದು ಔರಾದ್ ತಾಲೂಕಿನ ಚಿಂತಾಕಿಯ ಪುತಳಾಬಾಯಿಯದು.

ಪುತಳಾಬಾಯಿಯ ಗಂಡ ಮಡೆಪ್ಪ ಕುರಿ ಕಾಯುವವನು. ಅವರಿಗೆ ಮೂರು ಮಕ್ಕಳು, ಹಿರಿಯವಳು ಹನ್ನೆರಡರ ಕಾಜಲ ಸಂಸ್ಥೆಯ ಪಟ್ಟಿಯಲ್ಲಿದ್ದಳು. ರೂತಮ್ಮನಿಗೆ ಬೇಕಾದ ಮನೆ ಅದು. ಹಾಗಾಗಿ ಫೋನೆತ್ತಿದ ಕೂಡಲೇ ನೆಂಟರನ್ನು ಕೇಳುವಂತೆ ಕೇಳಿಬಿಟ್ಟಳು.

"ಪುತಳಾಬಾಯಿ, ಊಟ ಆಯ್ತೇನವ್ವಾ?"

"ಆಗ್ಯಾದ್ರಿ ಅಕ್ಕಾ. ಎಲ್ಲಾ ಆರಾಮ ಅದೇವ್ರಿ. ನಿಮ್ದು ಆಯ್ತೇನ್ರಿ?"

ನಂದೂ ಆಯಿತು, ಮಾಸ್ಕು ಹಾಕಿಕೊಳ್ಳಿ, ಕೈ ತೊಳೆಯುತ್ತಿರಿ ಎಂದು ಹೇಳಿ ಫೋನಿಟ್ಟಳು. ಮೂರು ಪ್ರಶ್ನೆಗಳ ಮುಂದೆಯೂ ತಾನೇ ಏನೇನೋ ತುಂಬಿ ಹಸಿರು ಗುರುತು ಹಾಕಿದಳು. ಒಟ್ಟು ಒಂದು ನಿಮಿಷವೂ ಹಿಡಿಯಲಿಲ್ಲ.

ಅದು ತಿಳಿಯದೆ ಆದ ತಪ್ಪಲ್ಲ. ಪೆನ್ನು ಕಾಗದಕ್ಕೆ ತಾಗುವಾಗಲೇ ಆಕೆಯ ಮನಸ್ಸು ಚುರ್ ಎಂದಿತ್ತು. ಕುರಿಗಾರನ ಮನೆ, ಸಂತೆ ಮುಚ್ಚಿದೆ, ಗಂಡ ಊರಲ್ಲಿಲ್ಲ, ಇದೆಲ್ಲ ಗೊತ್ತಿತ್ತು. ಮತ್ತೆ ಫೋನು ಮಾಡಿ ಕಾಜಲಳನ್ನು ಕರೆಸಬೇಕಿತ್ತು. ಮಾಡಲಿಲ್ಲ. ಒಂದು ಹಸಿರು ಬಿದ್ದರೆ ಒಂದು ಮನೆ ಮುಗಿಯಿತು, ಒಂದು ಚೀಲ ಉಳಿಯಿತು, ಇನ್ನು ಇಪ್ಪತ್ತೈದೇ ಬಾಕಿ ಎಂಬ ಹಗುರ ಆ ಹೊತ್ತಿಗೆ ಬೇಕಾಗಿತ್ತು. ಅಷ್ಟೇ ಸಂಗತಿ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಆಕೆಯ ನಾಚಿಕೆಯೂ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಆಗ ಚಿಂತಾಕಿಯಲ್ಲಿ ನಡೆದಿದ್ದುದು ಬೇರೆ. ಬೇಸಿಗೆಯಲ್ಲಿ ಮಡೆಪ್ಪ ಕುರಿ ಹೊಡೆದುಕೊಂಡು ಭಾಲ್ಕಿಯ ಕಡೆ ಹೋಗುತ್ತಾನೆ. ರಾತ್ರಿ ಹಿಂಡನ್ನು ಹೊಲದಲ್ಲಿ ತರುಬಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಅದಕ್ಕೆ ಜೋಳ ಅಳೆದು ಕೊಡುತ್ತಾರೆ. ಆ ಜೋಳದ ಚೀಲ ಊರಿಗೆ ಬಂದರೆ ಮನೆ ನಡೆಯುತ್ತದೆ. ಈ ವರ್ಷ ಹಲಬರ್ಗಾದ ಸೀಮೆಯಲ್ಲಿದ್ದಾಗ ಬೀಗ ಬಿತ್ತು. ಊರೂರಿನವರು ದಾರಿಗೆ ಮುಳ್ಳು ಕಡಿದು ಹಾಕಿ, ಪರ ಊರಿನವರು ಕಾಲಿಡಬಾರದು ಎಂದುಬಿಟ್ಟರು. ಮಡೆಪ್ಪ ಹಿಂಡು ಬಿಟ್ಟು ಬರುವಂತಿಲ್ಲ, ಹಿಂಡಿನೊಂದಿಗೆ ದಾಟುವಂತಿಲ್ಲ. ಚೀಲ ಬರಲಿಲ್ಲ. ರೇಷನ್ ಕಾರ್ಡು ಇನ್ನೂ ಅವನ ಅಣ್ಣನ ಮನೆಯೊಂದಿಗೆ ಜಂಟಿಯಾಗಿಯೇ ಇತ್ತು. ಹೋದ ವರ್ಷ ಜಗಳವಾಡಿ ಬೇರೆಯಾದ ಮೇಲೆ ಅಕ್ಕಿಯೆಲ್ಲ ಅತ್ತಲೇ ಹೋಗುತ್ತಿತ್ತು. ಎರಡೂ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಆಳೆತ್ತರದ್ದಲ್ಲ. ರೂತಮ್ಮನ ಫೋನು ಬಂದಾಗ ಗೋಡೆಯ ಆಚೆ ಅಣ್ಣನ ಹೆಂಡತಿ ಕೌಸಲ್ಯಾಬಾಯಿ ಕಾಳು ಹಸನು ಮಾಡುತ್ತ ಕೂತಿದ್ದಳು. ಅವಳ ಕಿವಿಗೆ ಬೀಳುವಂತೆ ಪುತಳಾಬಾಯಿ ತನ್ನ ಮನೆಯಲ್ಲಿ ಹಿಟ್ಟಿಲ್ಲ ಎನ್ನುವುದುಂಟೇ?

ಏಪ್ರಿಲ್ ಕೊನೆಗೆ ಚೀಲಗಳು ಹಂಚಿಹೋದವು. ಚಿಂತಾಕಿಯಲ್ಲಿ ಮೂರು ಮನೆಗೆ ಬಂದವು, ನಾಲ್ಕನೆಯ ಮನೆಗೆ ಬರಲಿಲ್ಲ.

ಆ ಹಸಿರು ಗುರುತು ಕಾಗದದಲ್ಲೇ ಕೂರಲಿಲ್ಲ, ಸಮುದ್ರ ದಾಟಿತು. ಕಾಜಲಳ ಹೊಣೆ ಹೊತ್ತವರು ಅಲ್ಲಿನ ಒಬ್ಬ ಮುದುಕಿ, ಮಕ್ಕಳೆಲ್ಲ ಆಕೆಗೆ ಫಾರಿನ್ ಅಜ್ಜಿ ಎನ್ನುತ್ತಿದ್ದರು. ಚಳಿಗೆ ನಿಮ್ಮ ಕುರಿಗಳು ಏನು ಮಾಡುತ್ತವೆ ಎಂದು ಪ್ರತಿ ಪತ್ರದಲ್ಲೂ ತಪ್ಪದೆ ಕೇಳುವ ಅಜ್ಜಿ. ತಾನೇ ಮನೆಯೊಳಗೆ ಬಂದಿಯಾಗಿದ್ದರೂ, ಕಾಜಲ ಉಣ್ಣುತ್ತಿದ್ದಾಳೆಯೇ, ಬೇಕಾದರೆ ಇನ್ನಷ್ಟು ಕಳಿಸುತ್ತೇನೆ ಎಂದು ಕಚೇರಿಗೆ ಬರೆದಳು. ರೂತಮ್ಮ ಗುರುತು ನೋಡಿಕೊಂಡು, ಕಾಜಲಳ ಮನೆಯಲ್ಲಿ ಯಾವ ಕೊರತೆಯೂ ಇಲ್ಲ, ದೇವರ ದಯೆಯಿಂದ ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ ಎಂದು ಚಂದದ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಹಾಗಾದರೆ ನನ್ನ ಹೆಚ್ಚಿನ ಕಾಣಿಕೆ ಬೇರೆ ಯಾವುದಾದರೂ ಹಸಿದ ಮಗುವಿಗೆ ಹೋಗಲಿ ಎಂದು ಅಜ್ಜಿ ಬರೆದಳು. ಅದು ಹಾಗೆಯೇ ಬೇರೆ ಊರಿಗೆ ಹೋಯಿತು.

ಮೇ ಎರಡನೇ ವಾರ ಊರೂರು ಓಡಾಡಲು ಪಾಸು ಸಿಕ್ಕಿತು. ಸಂಸ್ಥೆಯ ಚೀಲ ಹೊರುವ ಟೆಂಪೊದಲ್ಲಿ, ಅದನ್ನು ಓಡಿಸುವ ಉಸ್ಮಾನ ಮಿಯಾನ ಪಕ್ಕದಲ್ಲಿ ಕೂತು ರೂತಮ್ಮ ಔರಾದ್ ಕಡೆಯ ಮಕ್ಕಳನ್ನು ನೋಡಿಬರಲು ಹೊರಟಳು. ಚಿಂತಾಕಿಗೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಪುತಳಾಬಾಯಿ ತಟ್ಟೆ ತಂದಿಟ್ಟಳು.

ಆ ತಟ್ಟೆಯ ವಿಷಯ ಇಲ್ಲಿ ಹೇಳಲೇಬೇಕು. ಮೊದಲ ಸಲ ಈ ಮನೆಗೆ ಬಂದಾಗ ರೂತಮ್ಮನಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಸುರಿದಿದ್ದರು. ಕ್ರಿಸ್ತಪ್ಪನ ಮಗಳು ಯಾವ ಕೇರಿಯವಳೆಂದು ಕೇಳದೆಯೇ ಅವರಿಗೆ ತಿಳಿದಿತ್ತು. ಕಾಜಲ ಸಂಸ್ಥೆಗೆ ಸೇರಿ ಎರಡು ವರ್ಷವಾದ ಮೇಲೆ ಲೋಟ ಬಂತು, ಆಮೇಲೆ ತಟ್ಟೆ ಬಂತು. ಪುತಳಾಬಾಯಿಯ ಮನೆಯ ತಟ್ಟೆ ಎಂದರೆ ರೂತಮ್ಮನಿಗೆ ಅಷ್ಟು ದೊಡ್ಡದು. ಬೇಡವೆನ್ನುವುದು ಹೇಗೆ? ಕೂತು ಉಂಡಳು. ಜೋಳದ ರೊಟ್ಟಿ, ಹುಣಸೆ ಚಿಗುರಿನ ಪಲ್ಯ. ಎರಡು ರೊಟ್ಟಿ ಉಂಡು, ಪುತಳಾಬಾಯಿ ಒತ್ತಾಯ ಮಾಡಿದಳೆಂದು ಇನ್ನೊಂದು ಅರ್ಧ ಹಾಕಿಸಿಕೊಂಡಳು. ಪಲ್ಯ ಬಹಳ ರುಚಿಯಾಗಿದೆ ಎಂದೂ ಅಂದಳು. ಮಕ್ಕಳು ಮೂವರೂ ಬಾಗಿಲ ಬಳಿ ನಿಂತಿದ್ದರು. ಅವರದಾಯಿತೇ ಎಂದು ಕೇಳಿದ್ದಕ್ಕೆ ಪುತಳಾಬಾಯಿ, ಆಗಲೇ ಆಯಿತು ಎಂದಳು. ಒಲೆ ನೋಡಿಯೇ ಹಸಿವು ಹೇಳುವ ರೂತಮ್ಮನಿಗೆ ಕಾಸು ಖರ್ಚಿಲ್ಲದೆ ಮರದಲ್ಲಿ ಸಿಗುವ ಹುಣಸೆ ಚಿಗುರು ಕೂಡ ಅಂದು ಏನನ್ನೂ ಹೇಳಲಿಲ್ಲ.

ಉಂಡಾದ ಮೇಲೆ ನಿಯಮದಂತೆ ಕಾಜಲಳನ್ನು ಬೇವಿನ ಮರದ ಬುಡಕ್ಕೆ ಕರೆದುಕೊಂಡು ಹೋಗಿ ಕೂತಳು. ಓದು, ಆರೋಗ್ಯ, ಎಲ್ಲ ಕೇಳಿ, ಕಡೆಗೆ ಆ ಪ್ರಶ್ನೆ ಕೇಳಿದಳು. ನಿನ್ನೆ ಎಷ್ಟು ಸಲ ಉಂಡಿ?

ಹುಡುಗಿ ಮನೆಯ ಕಡೆ ನೋಡಿದಳು.

"ಅವ್ವ ಹೇಳಬ್ಯಾಡ ಅಂದಾಳ್ರಿ."

"ನನಗ ಹೇಳವ್ವಾ. ನಾ ಯಾರಿಗೂ ಹೇಳಂಗಿಲ್ಲ."

"ದಿನಾ ಒಂದೇ ಸಲರಿ. ಮಧ್ಯಾಹ್ನ." ಕಾಜಲ ನೆಲದ ಮೇಲೆ ಬೆರಳಾಡಿಸುತ್ತ ಮುಂದಿನ ಮಾತು ಹೇಳಿದಳು. "ಇವತ್ತಿಂದು ನೀವು ಉಂಡ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೇ. ರೂತಮ್ಮನಿಗೆ ಹೊಟ್ಟೆಯಲ್ಲಿದ್ದ ಎರಡೂವರೆ ರೊಟ್ಟಿ ಕಲ್ಲಾಯಿತು. ಎದ್ದು ಪುತಳಾಬಾಯಿಯ ಮುಂದೆ ಹೋಗಿ ನಿಲ್ಲುವ ಧೈರ್ಯ ಬರಲಿಲ್ಲ. ಹೊತ್ತಾಯಿತೆಂದು ದೂರದಿಂದಲೇ ಹೇಳಿ ಟೆಂಪೊ ಹತ್ತಿದಳು. ಔರಾದ್ ದಾಟುವವರೆಗೂ ಉಸ್ಮಾನ ಮಿಯಾ ಏನೇನೋ ಮಾತಾಡಿದ, ಆಕೆಗೆ ಒಂದೂ ಕೇಳಿಸಲಿಲ್ಲ. ಐವತ್ತೆರಡು ವರ್ಷದ ಹೆಂಗಸು, ನೋಡುವವರಿರಲಿ ಬಿಡಲಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಳು. ಪಾದ್ರಿಗಳ ಮನೆಯ ಮೂಲೆಯಲ್ಲಿ ಕೂತ ಹುಡುಗಿಯ ಕತೆಯನ್ನು ಇನ್ನು ಯಾವ ಬಾಯಿಯಿಂದ ಹೇಳುವುದು? ಅಂದು ತನ್ನ ಮುಂದೆ ಉಂಡವರಿಗಾದರೂ ತಿಳಿದಿರಲಿಲ್ಲ. ತನಗೆ ತಿಳಿದಿತ್ತು, ತಿಳಿದದ್ದನ್ನು ಬೇರೆಯವರಿಗೆ ಪಾಠ ಬೇರೆ ಮಾಡಿದ್ದಳು.

ಮರುದಿನ ಕಚೇರಿಯಲ್ಲಿ ಮೇಲಿನ ಅಧಿಕಾರಿ ಸತೀಶಕುಮಾರನಿಗೆ ಎಲ್ಲ ಹೇಳಿದಳು. ಆತ ಕೆಟ್ಟವನಲ್ಲ. ಮೊದಲು ಚೀಲ ಕಳಿಸೋಣ ಎಂದ. ಆದರೆ ಹಸಿರನ್ನು ಕೆಂಪು ಮಾಡಬೇಕಾದರೆ ಒಂದು ತಿದ್ದುಪಡಿ ಹಾಳೆ ತುಂಬಬೇಕಿತ್ತು. ಅದರಲ್ಲಿ ಕಾರಣಕ್ಕೆ ಎರಡೇ ಚೌಕ. ಕುಟುಂಬದವರು ತಪ್ಪು ಮಾಹಿತಿ ನೀಡಿದ್ದರು ಎಂಬುದು ಒಂದು, ಸಿಬ್ಬಂದಿಯ ತಪ್ಪು ಎಂಬುದು ಇನ್ನೊಂದು. ಎರಡನೆಯದಕ್ಕೆ ಗುರುತು ಬಿದ್ದರೆ ವಿವರಣೆ ಹೊರದೇಶದ ತನಕ ಹೋಗಬೇಕು. ಜುಲೈಯಲ್ಲಿ ಬೀದರಿನ ಆರು ಹುದ್ದೆಗಳಲ್ಲಿ ಎರಡನ್ನು ತೆಗೆಯುತ್ತಾರೆಂಬ ಸುದ್ದಿ ಬೇರೆ ಇತ್ತು.

"ಮೊದಲನೇದಕ್ಕ ಟಿಕ್ ಹಾಕ್ರಿ ರೂತಮ್ಮನವ್ರೆ," ಎಂದ ಸತೀಶಕುಮಾರ. "ಅದರಾಗ ಸುಳ್ಳೇನದ? ಆಗ್ಯಾದ ಅಂತ ಆಕಿನೇ ಅಂದಾಳಲ್ರಿ."

ಪಕ್ಕದ ಮೇಜಿನಲ್ಲಿ ಸ್ವೀಟಿ ತಲೆ ತಗ್ಗಿಸಿ ಏನನ್ನೋ ಬರೆಯುತ್ತಿದ್ದಳು. ರೂತಮ್ಮ ಅವಳ ಕಡೆ ನೋಡದೆ ಮೊದಲ ಚೌಕಕ್ಕೆ ಗುರುತು ಹಾಕಿದಳು. ಗಂಡ ತೀರಿಕೊಂಡು ಒಂಬತ್ತು ವರ್ಷ, ಮಗ ನೋಹನ ಓದು ಇನ್ನೂ ಮುಗಿದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದೆಲ್ಲ ನಿಜವೇ.

ನಾಲ್ಕು ದಿನದ ಮೇಲೆ ರೂತಮ್ಮನನ್ನೂ ಎರಡು ಚೀಲಗಳನ್ನೂ ಹೊತ್ತು ಟೆಂಪೊ ಚಿಂತಾಕಿಗೆ ಹೋಯಿತು. ಒಂದು ಈ ತಿಂಗಳದು, ಇನ್ನೊಂದು ಹೋದ ಸಲ ತಪ್ಪಿದ್ದು. ಉಸ್ಮಾನ ಮಿಯಾ ಚೀಲಗಳನ್ನು ಒಳಗಿಟ್ಟ. ಪುತಳಾಬಾಯಿ ಸೆರಗಿನ ತುದಿಯಿಂದ ಚೀಲದ ಮೇಲಿನ ಧೂಳು ಒರೆಸಿದಳು. ಇನ್ನು ತಿದ್ದುಪಡಿ ಹಾಳೆಯ ಮೇಲೆ ತಾಯಿಯ ಹೆಬ್ಬೆಟ್ಟು ಬಿದ್ದರೆ ಕೆಲಸ ಮುಗಿಯಿತು. ರೂತಮ್ಮ ಹಾಳೆಯನ್ನು ಮಡಿಸಿ, ಕೆಳಗಿನ ಖಾಲಿ ಜಾಗ ಮಾತ್ರ ಕಾಣುವಂತೆ ಹಿಡಿದು, ಸ್ಟ್ಯಾಂಪ್ ಪ್ಯಾಡು ಮುಂದಿಟ್ಟಳು. ಅಷ್ಟರಲ್ಲಿ ಕಾಜಲ ಬಂದು ಹಾಳೆಗೆ ಕೈ ಚಾಚಿದಳು. ಅವ್ವನ ಹೆಬ್ಬೆಟ್ಟು ಬೀಳುವ ಯಾವ ಕಾಗದವನ್ನೂ ಮೊದಲು ನೀವು ಓದಿ ಹೇಳಬೇಕು ಎಂದು ಸಂಸ್ಥೆಯ ಮಕ್ಕಳಿಗೆಲ್ಲ ಕಲಿಸಿದವಳು ರೂತಮ್ಮನೇ. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಕಾಜಲ ಹಾಳೆ ಬಿಡಿಸಿ, ಶಾಲೆಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದಳು. ಊರು, ಹೆಸರು, ತಾರೀಕು. ಆಮೇಲೆ, "ಕಾರಣ: ಕುಟುಂಬದವರು ತಪ್ಪು ಮಾಹಿತಿ ನೀಡಿದ್ದರು." ಓದಿ ಮುಗಿಸಿ ತಾಯಿಯ ಮುಖ ನೋಡಿದಳು. ಅದೇನೆಂದು ತಾಯಿ ಕೇಳಿದಳು. ನಾವು ಸುಳ್ಳು ಹೇಳಿದ್ದೆವು ಎಂದು ಬರೆದಿದೆ ಎಂದಳು ಮಗಳು.

ಪುತಳಾಬಾಯಿ ಬೈಯುತ್ತಾಳೆ ಎಂದುಕೊಂಡಿದ್ದಳು ರೂತಮ್ಮ. ಬೈದಿದ್ದರೆ ಎಷ್ಟೋ ಸುಲಭವಿತ್ತು.

"ಖರೇ ಅದ್ರಿ ಅಕ್ಕಾ," ಎಂದಳು ಪುತಳಾಬಾಯಿ. "ನೀವು ಅಷ್ಟು ಕಾಳಜಿಲಿ ಫೋನ್ ಮಾಡಿ ಕೇಳಿದ್ರಿ, ನಾನೇ ಸುಳ್ಳ ಹೇಳ್ದೆ. ನನ್ನ ಸಲುವಾಗಿ ನಿಮಗ ಸಾಹೇಬರ ಮುಂದ ತಲಿ ತಗ್ಗಿಸೋದು ಬಂತು. ಮಾಫ್ ಮಾಡ್ರಿ. ಎಲ್ಲಿ ಒತ್ತಲ್ರಿ ಹೆಬ್ಬಟ್ಟು?"

ಹೇಳಿ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿಯೂ ಬಿಟ್ಟಳು. ರೂತಮ್ಮ ಹಾಳೆಯನ್ನು ಕಿತ್ತುಕೊಂಡಳು. ಜೀವಮಾನದಲ್ಲಿ ಆಕೆಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಚೀಲದ ಮೇಲೆಯೇ ಹಾಳೆ ಇಟ್ಟುಕೊಂಡು, ಮೊದಲ ಚೌಕದ ಗುರುತನ್ನು ಹೊಡೆದುಹಾಕಿ, ಎರಡನೆಯದಕ್ಕೆ ಗುರುತು ಹಾಕಿದಳು. ಅದೂ ಸಾಲದೆನಿಸಿ ಅಂಚಿನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆದು ಸಹಿ ಮಾಡಿದಳು. ಹಾಳೆಯನ್ನು ಕಾಜಲಳ ಕೈಗೆ ಕೊಟ್ಟಳು. ಗಟ್ಟಿಯಾಗಿ ಓದು, ಎಲ್ಲರೂ ಕೇಳಲಿ ಎಂದಳು. ಗೋಡೆಯ ಆಚೆಯವರೂ ಕೇಳಲಿ, ಉಸ್ಮಾನ ಮಿಯಾನೂ ಕೇಳಲಿ ಎಂಬುದೇ ಆಕೆಯ ಆಸೆಯಾಗಿತ್ತು.

ಕಾಜಲ ಓದತೊಡಗಿದಳು. "ಈ ತಾಯಿಯ ತಪ್ಪು ಏನೂ ಇಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಈ ಮನೆಯಲ್ಲಿ ಹಸಿವಿರಬಹುದೆಂದು ಗೊತ್ತಿದ್ದೂ..."

ಪುತಳಾಬಾಯಿ ಮಸಿ ಹತ್ತಿದ ಕೈಯಿಂದಲೇ ಮಗಳ ಬಾಯಿ ಮುಚ್ಚಿದಳು. ಗೋಡೆಯ ಕಡೆ ಒಮ್ಮೆ ನೋಡಿ, ಬಗ್ಗಿ ಮಗಳ ಕಿವಿಯಲ್ಲಿ ಅಂದಳು.

"ಮೆಲ್ಲಕ ಓದು. ಆಚಿ ಮಂದಿ ಕೇಳ್ತಾರ. ಅಕ್ಕನ ಮರ್ಯಾದಿ ಹೋಗ್ತದ."